ನೈವೇದ್ಯಕ್ಕೆ ಮೊದಲು

ನನ್ನ ಮಗಳು ರಾಮಲಕ್ಷ್ಮಿ ಅಡಿಗೆಯಲ್ಲಿ ಫೇಲಾದಳೆಂಬ ಸುದ್ದಿ ಕೇಳಿ ಯಲಹಂಕದ ನಮ್ಮ ಬೀದಿಯವರು ಮೊದಲು ನಕ್ಕರು. ನಗು ಬರುವಂಥ ಮಾತೇ. ಅವಳ ತಾಯಿ ಸುಬ್ಬಮ್ಮನ ಕೈಯ ಸಾರು ಉಣ್ಣದವರು ಆ ಬೀದಿಯಲ್ಲಿರಲಿಲ್ಲ. ತಾಯಿಯ ಕೈ ಮಗಳಿಗೆ ಹಾಗೆಯೇ ಇಳಿದಿದೆಯೆಂದು ಹೇಳದವರೂ ಇರಲಿಲ್ಲ. ಅಟ್ಟೂರಿನಿಂದ ದಿನವೂ ಸೈಕಲ್ಲಿನ ಮೇಲೆ ಸೊಪ್ಪು ತರಕಾರಿ ತರುತ್ತಿದ್ದ ಚಿಕ್ಕಬೈರಪ್ಪನಂತೂ ನಮ್ಮ ಜಗಲಿಯ ಮೇಲೆ ಬುಟ್ಟಿ ಇಳಿಸಿ ಕೇಳಿಯೇಬಿಟ್ಟ.

“ಏನ್ ಸ್ವಾಮಿ, ನಮ್ ರಾಮಕ್ಕಂಗೆ ಅಡಿಗೆ ಬರಾಕಿಲ್ಲ ಅಂದ್ರಂತೆ? ಅಂಗಂದೋರ ಮನೇಲಿ ಏನ್ ಉಣ್ತಾರೆ ಅಂತ ಕೇಳ್ಕಂಡ್ ಬರಬೇಕಿತ್ತು.”

“ಅಡಿಗೆ ಬರಲ್ಲ ಅಂದಿಲ್ಲಪ್ಪ. ಮಾಡಿದ್ದರ ರುಚಿ ನೋಡಲಿಲ್ಲ ಅಂದರು.”

“ರುಚಿ ನೋಡಾಕೂ ಎಮ್ಮೆಸ್ಸಿ ಓದ್ಬೇಕಾ? ನಮ್ಮನೆ ಎಮ್ಮೆ ಓದ್ದೇನೆ ನೋಡ್ತದೆ.”

ಅವನು ತನ್ನ ಮಾತಿಗೆ ತಾನೇ ನಕ್ಕು ಬುಟ್ಟಿಯಿಂದ ಸೋರೆಕಾಯಿ ತೆಗೆದಿಟ್ಟ. ನಾನು ಒಳಗೆ ಹೋಗಿ ಜಪಕ್ಕೆ ಕುಳಿತೆ. ಕುಳಿತೆನೆಂದರೆ ಕುಳಿತೆನಷ್ಟೆ. ಮಣಿ ಎಲ್ಲಿಗೋ ಮನಸ್ಸೆಲ್ಲಿಗೋ. ಎದ್ದು ಹಿತ್ತಿಲಿಗೆ ಹೋದೆ, ಅಲ್ಲಿಂದ ಬೀದಿಬಾಗಿಲಿಗೆ ಬಂದೆ. ಸುಬ್ಬಮ್ಮ ತೀರಿಕೊಂಡ ಕಾರ್ತಿಕದಿಂದ ನನಗೆ ಒಂದು ಕಡೆ ಕೂರುವುದು ಆಗುತ್ತಿರಲಿಲ್ಲ. ಮನೆಯಲ್ಲಿ ಯಾವ ಮೂಲೆಯಲ್ಲಿ ಕುಳಿತರೂ ಇನ್ನೊಂದು ಮೂಲೆಯಿಂದ ಯಾರೋ ಕರೆದಂತಾಗುತ್ತಿತ್ತು.

ಅದು ಅರವತ್ತಾರನೆಯ ಇಸವಿಯ ಬೇಸಗೆ. ಮಿಡ್ಲ್ ಸ್ಕೂಲಿನ ಕನ್ನಡ ಪಂಡಿತನ ಕೆಲಸದಿಂದ ನಾನು ನಿವೃತ್ತನಾಗಿದ್ದೆ. ಮನೆಯಲ್ಲಿ ಸಾಲಿಗ್ರಾಮದ ಪೂಜೆ, ನಾನು, ನನ್ನ ಒಬ್ಬಳೇ ಮಗಳು. ರಾಮಲಕ್ಷ್ಮಿ ಹೆಬ್ಬಾಳದ ಕೆರೆಯ ಆಚೆಗೆ ಹೊಸದಾಗಿ ಎದ್ದಿದ್ದ ಕಾಲೇಜಿನಲ್ಲಿ ಆಹಾರ ಮತ್ತು ಪಥ್ಯಶಾಸ್ತ್ರ ಓದುತ್ತಿದ್ದಳು. ಬಿ.ಎಸ್ಸಿ. ಮುಗಿಸಿದ ಮೇಲೆ ಎರಡು ವರ್ಷದ ಓದು. ಪುಸ್ತಕದ ಪರೀಕ್ಷೆ ಬೇರೆ, ಪ್ರಬಂಧ ಬೇರೆ, ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ಬರುವುದು ಬೇರೆ, ಕೊನೆಗೆ ರೋಗಿಯ ಪಥ್ಯ ಮಾಡಿ ತೋರಿಸುವ ಪರೀಕ್ಷೆ ಬೇರೆ. ಒಂದರಲ್ಲಿ ಹೆಚ್ಚು ಬಂದುದನ್ನು ಇನ್ನೊಂದರ ಕೊರತೆಗೆ ತುಂಬುವಂತಿಲ್ಲ. ಒಂದೊಂದರಲ್ಲೂ ಪ್ರತ್ಯೇಕವಾಗಿ ತೇರ್ಗಡೆಯಾದರೆ ಮಾತ್ರ ಪದವಿ. ಉಳಿದುದರಲ್ಲೆಲ್ಲ ಅವಳೇ ಮೊದಲು. ಪಥ್ಯದ ಅಡಿಗೆಯಲ್ಲಿ ಸೊನ್ನೆ.

ನಡೆದದ್ದು ಇಷ್ಟು. ಮೂತ್ರಪಿಂಡ ಕೆಟ್ಟ ರೋಗಿಗೆ ಒಂದು ಹೊತ್ತಿನ ಊಟ ಮಾಡು ಎಂದು ಅವಳಿಗೆ ಕೊಟ್ಟಿದ್ದರು. ಉಪ್ಪು ಕೂಡದು, ಬೇಳೆ ಇಷ್ಟೇ, ನೀರು ಇಷ್ಟೇ. ಅವಳು ಲೆಕ್ಕ ಹಾಕಿ, ತೂಗಿ, ಬೇಯಿಸಿ, ತಟ್ಟೆಗೆ ಬಡಿಸಿದಳು. ಮದರಾಸಿನಿಂದ ಬಂದಿದ್ದ ಪರೀಕ್ಷಕಿ ತಟ್ಟೆಯನ್ನು ನೋಡಿ ಮೆಚ್ಚಿ, “ಕಳಿಸುವ ಮೊದಲು ರುಚಿ ನೋಡು” ಎಂದರು. ರಾಮಲಕ್ಷ್ಮಿ ಚಮಚ ಎತ್ತಿದಳು, ಹಾಗೆಯೇ ನಿಂತಳು, ಚಮಚವನ್ನು ಕೆಳಗಿಟ್ಟಳು. ಮೈಗೆ ಹುಷಾರಿಲ್ಲವೇ ಎಂದು ಕೇಳಿದರು. ಹುಷಾರಾಗಿದ್ದೇನೆ ಎಂದಳು. ಹಾಗಾದರೆ ನೋಡು ಎಂದರು. ಆಗುವುದಿಲ್ಲ ಎಂದಳು. ತರಗತಿಯಲ್ಲಿ ನಾಲ್ಕು ನಾಲ್ಕು ಹುಡುಗಿಯರು ಸೇರಿ ಅಡಿಗೆ ಮಾಡುತ್ತಿದ್ದುದರಿಂದ ರುಚಿ ನೋಡುವ ಕೆಲಸ ಯಾವಾಗಲೂ ಬೇರೆಯವರ ಪಾಲಿಗೆ ಹೋಗುತ್ತಿತ್ತು. ಎರಡು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮ ಮನೆಯಲ್ಲಿ ದೇವರಿಗೆ ತೋರಿಸುವ ಮೊದಲು ಅಡಿಗೆಯನ್ನು ಬಾಯಿಗಿಡುವುದಿಲ್ಲ. ಉಪ್ಪು ಹುಳಿ ಸರಿಯಿದೆಯೇ ಎಂದು ಕುದಿಯ ವಾಸನೆಯಿಂದ ತಿಳಿಯಬೇಕು, ಬಣ್ಣದಿಂದ ತಿಳಿಯಬೇಕು. ನಾಲಿಗೆಗೆ ತಾಗಿದರೆ ಎಂಜಲು. ರಾಮಲಕ್ಷ್ಮಿಗೆ ನಾಲ್ಕು ವರ್ಷವಿದ್ದಾಗ ಒಂದು ಧನುರ್ಮಾಸದ ಬೆಳಿಗ್ಗೆ ಹುಗ್ಗಿಯ ಪಾತ್ರೆಯ ಅಂಚಿಗೆ ಬೆರಳಿಟ್ಟು ನೆಕ್ಕಿದಳು. ಸುಬ್ಬಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಇಡೀ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಹಸುವಿನ ಮುಂದೆ ಸುರಿದು ಬಂದು, ಒಲೆ ಸಾರಿಸಿ, ಮತ್ತೆ ಅಕ್ಕಿ ತೊಳೆಯಲು ಕುಳಿತಳು. ಅಂದು ನಾವೆಲ್ಲ ಉಂಡದ್ದು ಮಧ್ಯಾಹ್ನಕ್ಕೆ. ಮಗು ಕಂಬವನ್ನು ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿತ್ತು. ಮತ್ತೆ ಎಂದೂ ಅದಕ್ಕೆ ಹೇಳಬೇಕಾಗಲಿಲ್ಲ.

“ಕಾಲೇಜಿನ ಅಡಿಗೆ ದೇವರಿಗಲ್ಲವಲ್ಲಮ್ಮ. ಅಲ್ಲಿ ರುಚಿ ನೋಡಿದರೆ ದೋಷವಿಲ್ಲ” ಎಂದೆ ನಾನು, ಅವಳು ಫೇಲಾಗಿ ಬಂದ ಸಂಜೆ.

“ನನಗೆ ಗೊತ್ತು ಅಪ್ಪ. ನನ್ನ ಕೈಗೆ ಗೊತ್ತಿಲ್ಲ.”

“ಅಂದರೆ?”

“ಚಮಚ ಗಲ್ಲದ ಹತ್ತಿರ ಬಂದು ನಿಂತುಬಿಡತ್ತೆ. ಯಾರೋ ಮೊಣಕೈ ಹಿಡಿದ ಹಾಗಾಗತ್ತೆ.”

ಯಾರು ಎಂದು ನಾನು ಕೇಳಲಿಲ್ಲ. ಇಬ್ಬರೂ ಒಲೆಯ ಕಡೆ ನೋಡಿದೆವು.

ಜ್ಯೇಷ್ಠದಲ್ಲಿ ಅದೇ ಪರೀಕ್ಷಕಿ ಇನ್ನೊಂದು ತಂಡಕ್ಕಾಗಿ ಮತ್ತೆ ಬರುವವರಿದ್ದರು. ಆಗ ಒಂದು ಸಲ, ಒಂದೇ ಸಲ, ರಾಮಲಕ್ಷ್ಮಿಯೂ ಕೂರಬಹುದೆಂದು ಅನುಮತಿ ಸಿಕ್ಕಿತ್ತು. ತಪ್ಪಿದರೆ ಎರಡು ವರ್ಷದ ಓದು ನೀರಿಗೆ ಹೋದಂತೆ. ಪಟ್ಟಣದ ದೊಡ್ಡ ಆಸ್ಪತ್ರೆಯೊಂದರಲ್ಲಿ ರೋಗಿಗಳ ಅಡಿಗೆಮನೆ ನೋಡಿಕೊಳ್ಳುವ ಹುದ್ದೆಯನ್ನು ಅವಳಿಗೆಂದು ಆಷಾಢದವರೆಗೆ ಹಿಡಿದಿಟ್ಟಿದ್ದರು. ಪದವಿಯಿಲ್ಲದೆ ಅದು ಸಿಗುವಂತಿರಲಿಲ್ಲ. ಆ ಹುದ್ದೆ ಅವಳಿಗೆ ಸಂಬಳದ ಮಾತಾಗಿರಲಿಲ್ಲ. ತಾಯಿಯ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕುಳಿತವಳು ಅವಳು.

ಮೂರು ದಿನ ನಾನು ಯಲಹಂಕದ ಸ್ಟೇಷನ್ನಿನವರೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು ಮಾಡಿದೆ. ನಾಲ್ಕನೆಯ ದಿನ ಶಾಲು ಹೊದ್ದು ಬಸ್ಸು ಹತ್ತಿ ಹೆಬ್ಬಾಳದಲ್ಲಿ ಇಳಿದು, ಕೆರೆಯ ಏರಿಯ ಮೇಲೆ ನಡೆದು, ವಿಭಾಗದ ಮುಖ್ಯಸ್ಥೆಯನ್ನು ಕಾಣಲು ಹೋದೆ. ಅವರ ಹೆಸರು ಫಖ್ರುನ್ನೀಸಾ. ಬಿಳಿಯ ಸೀರೆ, ದಪ್ಪ ಕನ್ನಡಕ, ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಎದ್ದು ನಿಂತು ಕುರ್ಚಿ ತೋರಿಸಿದರು. ನಾನು ಕೂರಲಾರದೆ ಕುರ್ಚಿಯ ಬೆನ್ನು ಹಿಡಿದು ನಿಂತೇ ಮಾತಾಡಿದೆ. ನಮ್ಮ ಮನೆಯ ಆಚಾರವನ್ನು ಹೇಳಿದೆ. ಹುಡುಗಿ ಹಟಮಾರಿಯಲ್ಲ, ಹುಟ್ಟಿನಿಂದ ಬಂದ ಅಭ್ಯಾಸ, ದಯಮಾಡಿ ಆ ಒಂದು ನಿಯಮದಿಂದ ಬಿಡುಗಡೆ ಕೊಡಿ ಎಂದೆ.

“ಆಗಲ್ಲ ಪಂಡಿತರೇ” ಎಂದರು.

“ಬೇರೆ ಹುಡುಗಿ ರುಚಿ ನೋಡಿ ಹೇಳಿದರೆ?”

“ನಾಳೆ ಆಸ್ಪತ್ರೇಲಿ ನಿಮ್ಮ ಮಗಳು ಒಬ್ಬಳೇ ಇರ್ತಾಳೆ. ತಟ್ಟೆ ಮೇಲೆ ತಟ್ಟೆ ಹೋಗ್ತಾ ಇರುತ್ತೆ. ಬೇರೆ ಹುಡುಗಿ ಎಲ್ಲಿಂದ ಬರ್ತಾಳೆ?”

“ಅವಳಿಗೆ ವಾಸನೆಯಿಂದಲೇ ತಿಳಿಯತ್ತೆ. ಒಂದು ದಿನವೂ ತಪ್ಪಿಲ್ಲ.”

“ಉಪ್ಪು ಇರೋ ಅಡಿಗೇಲಿ ತಪ್ಪಿಲ್ಲ. ಉಪ್ಪೇ ಇಲ್ಲದ್ದು, ಎಣ್ಣೆ ಇಲ್ಲದ್ದು, ಅದನ್ನ ಒಬ್ಬ ಮನುಷ್ಯ ತಿನ್ನಬಹುದೋ ಇಲ್ಲವೋ ಮೂಗಿಗೆ ಹೇಗೆ ತಿಳಿಯುತ್ತೆ? ಅದನ್ನ ನಾಲಿಗೇನೇ ಹೇಳಬೇಕು.” ಮತ್ತೆ, “ನಾನು ರೋಜಾ ಉಪವಾಸ ಇದ್ದಾಗಲೂ ಈ ಕ್ಲಾಸು ತಗೊಳ್ತೀನಿ. ನಾಲಿಗೆ ತುದಿಗೆ ಮುಟ್ಟಿಸಿ ಉಗುಳಿಬಿಡ್ತೀನಿ. ನುಂಗಲ್ಲ. ಅಷ್ಟಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ” ಎಂದರು.

“ನಮ್ಮಲ್ಲಿ ಅಷ್ಟೂ ಕೂಡದು. ತುದಿ ತಾಗಿದರೂ ಮುಗಿಯಿತು.”

ಅವರು ನಗಲಿಲ್ಲ, ವಾದಿಸಲೂ ಇಲ್ಲ. ತಲೆಯಾಡಿಸಿದರು. ವ್ರತವೆಂದರೆ ಏನೆಂದು ತಿಳಿದವರು ತಲೆಯಾಡಿಸುವ ರೀತಿಯೊಂದಿದೆ. ಆಮೇಲೆ ಕೇಳಿದರು. “ನಿಮ್ಮ ಮನೇಲಿ ಯಾರಾದರೂ ಆಸ್ಪತ್ರೆ ಊಟ ಮಾಡಿದ್ದುಂಟಾ?”

“ನನ್ನ ಹೆಂಡತಿ.”

“ಏನು ಕೊಡ್ತಿದ್ರು?”

“ಗಂಜಿ. ಉಪ್ಪಿಲ್ಲದ್ದು. ಕಾಲು ಬಾತಿತ್ತು, ಉಪ್ಪು ಬೇಡ ಅಂದಿದ್ದರು. ಬೇಯಿಸಿದ ಸೋರೆಕಾಯಿ, ಅದಕ್ಕೂ ಏನೂ ಇಲ್ಲ. ತಣ್ಣಗಾಗಿ ಬರುತ್ತಿತ್ತು.”

“ತಿಂದರಾ?”

“ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು.”

 ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಅದನ್ನ ಮಾಡಿದವರು ಒಂದು ಚಮಚ ತಮ್ಮ ಬಾಯಿಗಿಟ್ಟುಕೊಂಡಿದ್ರೆ” ಎಂದು ಶುರುಮಾಡಿ, ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು. ನಾನು ಕೈಮುಗಿದು ಹೊರಗೆ ಬಂದೆ.

ಬಸ್ಸು ಬರುವವರೆಗೆ ನಿಲ್ಲಲಾಗಲಿಲ್ಲ. ಬಿಸಿಲಿನಲ್ಲಿಯೇ ಯಲಹಂಕದ ಕಡೆ ನಡೆದುಬಿಟ್ಟೆ. ದ್ರಾಕ್ಷಿ ತೋಟಗಳ ಬೇಲಿ, ಬರಿದಾದ ರಾಗಿ ಹೊಲ, ಲಾರಿಗಳ ಧೂಳು. ಸುಬ್ಬಮ್ಮನಿಗೆ ಕಾಯಿಲೆ ಬಂದದ್ದು ದೈವೇಚ್ಛೆ. ಅದನ್ನು ನಾನು ಒಪ್ಪಿಕೊಂಡಿದ್ದೆ, ಅಥವಾ ಒಪ್ಪಿಕೊಂಡೆನೆಂದು ದಿನವೂ ದೇವರ ಮುಂದೆ ಹೇಳುತ್ತಿದ್ದೆ. ಗೋಡೆಯ ಕಡೆ ತಿರುಗಿದ್ದು ದೈವೇಚ್ಛೆಯೇ? ಗಂಜಿಗೆ ಯಾರೂ ನಿಂಬೆಹಣ್ಣು ಹಿಂಡದೆ ಹೋದದ್ದು? ಒಂದು ಎಸಳು ಕರಿಬೇವು ಹಾಕದೆ ಹೋದದ್ದು? ಜನ್ಮವೆಲ್ಲ ಪರರಿಗೆ ಬಡಿಸಿದವಳು ಕೊನೆಗೆ, ಯಾರ ಬಾಯಿಯೂ ಮುಟ್ಟಿ ನೋಡದ ಅನ್ನವನ್ನು ಬೇಡವೆಂದು ಹೋದಳು. ಹಾಗೆಂದು ಅವಳೇ ಕಲಿಸಿದ ಆಚಾರವನ್ನು ಅವಳ ಮಾಸಿಕ ಶ್ರಾದ್ಧಗಳು ಮುಗಿಯುವ ಮೊದಲೇ ಅವಳ ಅಡಿಗೆಮನೆಯಲ್ಲಿ ಮುರಿಯಲೇ? ಯಾವ ಕಡೆ ಹೆಜ್ಜೆ ಇಟ್ಟರೂ ಅವಳನ್ನೇ ತುಳಿದಂತಾಗುತ್ತಿತ್ತು.

ಮನೆ ಮುಟ್ಟಿದಾಗ ರಾಮಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು.

“ಎಲ್ಲಿ ಹೋಗಿದ್ರಿ? ಮುಖ ಕೆಂಡ ಆಗಿದೆ.”

“ಹಿತ್ತಿಲ ಜಗಲಿಯಲ್ಲಿ ಸೀಮೆಎಣ್ಣೆ ಸ್ಟೋವ್ ಇಟ್ಟುಕೊ. ದೇವರ ಅಡಿಗೆ ಒಳಗೆ, ಕಾಲೇಜಿನ ಅಡಿಗೆ ಅಲ್ಲಿ. ಅಲ್ಲಿ ರುಚಿ ನೋಡಿ ಅಭ್ಯಾಸ ಮಾಡು” ಎಂದೆ.

ಅವಳು ನನ್ನನ್ನು ನೋಡಿದಳು. ಸ್ಟೋವ್ ಹುಡುಕಲು ಹೋದಳು.

ಆಗ ಅಕ್ಕಿಗೆ ಎಲ್ಲೆಲ್ಲೂ ಕಷ್ಟ. ರೇಷನ್ ಅಂಗಡಿಯ ಮುಂದೆ ಸಾಲು. ಅಭ್ಯಾಸಕ್ಕೆಂದು ಮಾಡಿದ ಅನ್ನವನ್ನು ಚೆಲ್ಲುವುದು ಪಾಪ. ಹೀಗಾಗಿ ರೋಗಿಯ ಸ್ಥಾನಕ್ಕೆ ಚಿಕ್ಕಬೈರಪ್ಪನನ್ನು ನೇಮಿಸಿದೆವು. ತರಕಾರಿ ಮಾರಿ ಮುಗಿಸಿ ಮಧ್ಯಾಹ್ನ ಬಂದು ಜಗಲಿಯಲ್ಲಿ ಕೂರುವನು. ಮೊದಲನೆಯ ದಿನ ಒಂದು ತುತ್ತು ಬಾಯಿಗಿಟ್ಟು ತಟ್ಟೆಯನ್ನೇ ನೋಡಿದ.

“ಹೇಗಿದೆ ಬೈರಪ್ಪ?” ಎಂದಳು ರಾಮಲಕ್ಷ್ಮಿ.

“ರಾಮಕ್ಕ, ಇದು ಕಾಯಿಲೆ ಬಂದೋರಿಗೆ ಕೊಡೋದಾ, ಬರ್ಲಿ ಅಂತ ಕೊಡೋದಾ?”

“ಉಪ್ಪು ಹಾಕೋ ಹಾಗಿಲ್ಲ ಕಣೋ.”

“ಉಪ್ಪಿಲ್ದಿದ್ರೆ ಓಗ್ಲಿ ಬುಡು. ಇದ್ರಾಗೆ ಏನೂ ಇಲ್ವಲ್ಲ. ನೀನ್ ತಿಂದು ನೋಡಿದಾ?”

ಅವಳು ಮತ್ತೆ ಚಮಚ ಎತ್ತಿದಳು. ನಾನು ಬೆಳಿಗ್ಗೆಯಿಂದ ನೋಡುತ್ತಿದ್ದೆ. ಚಮಚ ಎತ್ತುವಳು, ಊದುವಳು, ಗಲ್ಲದವರೆಗೆ ತರುವಳು, ಅಲ್ಲಿಗೆ ನಿಲ್ಲುವಳು. ಹಣೆಯ ಮೇಲೆ ಬೆವರು. ಜಗಲಿಯಾದರೇನು, ಬೇರೆ ಸ್ಟೋವಾದರೇನು, ಕುದಿಯುವ ಪಾತ್ರೆಯ ಮುಂದೆ ನಿಂತ ಹೆಂಗಸಿನ ಕೈಗೆ ಅದೆಲ್ಲ ತಿಳಿಯದು. ಚಿಕ್ಕಬೈರಪ್ಪ ಅದನ್ನು ನೋಡಿ, “ಏ, ನಾನ್ ತಿನ್ನುಸ್ಲಾ?” ಎಂದು ಎದ್ದವನು, ಅವಳ ಕಣ್ಣಲ್ಲಿ ನೀರು ಕಂಡು ಹಾಗೆಯೇ ಕುಳಿತು ತಟ್ಟೆಯಲ್ಲಿದ್ದುದನ್ನೆಲ್ಲ ಒಂದು ಅಗುಳೂ ಬಿಡದೆ ತಿಂದ. “ಇರ್ಲಿ, ನಾಳೀಕೆ ಚೆನ್ನಾಗಾಯ್ತದೆ” ಎಂದು ಹೇಳಿ ಹೋದ.

ನಾಳೆಯೂ ಆಗಲಿಲ್ಲ, ನಾಳಿದ್ದೂ ಆಗಲಿಲ್ಲ. ಜ್ಯೇಷ್ಠ ಹತ್ತಿರ ಬಂತು. ರಾಮಲಕ್ಷ್ಮಿ ಸೊರಗಿದಳು. ಒಂದು ದಿನ ಬಾವಿಕಟ್ಟೆಯ ಮೇಲೆ ಕುಳಿತು ಹೇಳಿದಳು. “ಬಿಟ್ಟುಬಿಡೋಣ ಅಪ್ಪ. ಎಲ್ಲಾದರೂ ಸ್ಕೂಲಲ್ಲಿ ಟೀಚರ್ ಆಗ್ತೀನಿ. ಅಮ್ಮ ಕಲಿಸಿದ್ದು ಒಂದೇ ಒಂದು ಉಳಿದಿದೆ ನನ್ನಲ್ಲಿ. ಅದನ್ನೂ ಕಳ್ಕೊಂಡು ಏನು ಪದವಿ?”

ಅದು ನಾನೇ ಹೇಳಬೇಕಾಗಿದ್ದ ಮಾತು. ಅವಳ ಬಾಯಲ್ಲಿ ಕೇಳಿದಾಗ ತಡೆಯಲಾಗಲಿಲ್ಲ. “ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದನ್ನೂ ನೀನು ನೋಡಿದೀಯ” ಎಂದುಬಿಟ್ಟೆ. ಅವಳು ಮುಖ ಮುಚ್ಚಿಕೊಂಡಳು. ನಾನು ಅಲ್ಲಿಂದೆದ್ದು ದೇವರ ಕೋಣೆಗೆ ಹೋದೆ. ಅಲ್ಲಿಯೂ ನಿಲ್ಲಲಾರದೆ ಅಡಿಗೆಮನೆಗೆ ಬಂದೆ. ಮೊರದಲ್ಲಿ ಆ ಹೊತ್ತಿನ ಅಕ್ಕಿ, ಬೇಳೆ, ಹೆಚ್ಚದ ಸೋರೆಕಾಯಿ. ಅವನ್ನು ನೋಡುತ್ತ ನಿಂತಿದ್ದಾಗ ಸುಬ್ಬಮ್ಮನ ಮಾಸಿಕದ ನೆನಪಾಯಿತು. ಪುಷ್ಯದಲ್ಲಿ ನನಗೆ ಜ್ವರ ಬಂದು, ರಾಮಲಕ್ಷ್ಮಿ ವಾರ್ಡಿನ ಕೆಲಸದಲ್ಲಿದ್ದು, ಅಡಿಗೆಯವರು ಯಾರೂ ಸಿಗದೆ, ಪುರೋಹಿತರು ಹಸಿಯ ಅಕ್ಕಿ ಬೇಳೆ ತರಕಾರಿಯನ್ನೇ ಇಟ್ಟು ಮಾಡಿಸಿದ್ದರು. ಬೇಯಿಸಲಾಗದ ಕಡೆ ಆಮವನ್ನೇ, ಎಂದರೆ ಹಸಿಯದನ್ನೇ, ಅರ್ಪಿಸಬಹುದೆಂದು ಶಾಸ್ತ್ರವಿದೆ. ಪಿತೃಗಳಿಗೆ ಸಲ್ಲುವುದು ದೇವರಿಗೆ ಸಲ್ಲದೇ?

ಮೊರವನ್ನು ಎತ್ತಿಕೊಂಡು ಹೋಗಿ ಸಾಲಿಗ್ರಾಮದ ಮುಂದೆ ಇಟ್ಟೆ. ತುಳಸಿ ಹಾಕಿ, ನೀರು ಸುತ್ತಿ, ಗಂಟೆ ಬಾರಿಸಿ, ಎಲ್ಲವನ್ನೂ ಅರ್ಪಿಸಿದೆ. ಆಮೇಲೆ ಮೊರವನ್ನು ತಂದು ಬಾವಿಕಟ್ಟೆಯ ಮೇಲೆ ಅವಳ ಪಕ್ಕದಲ್ಲಿಟ್ಟೆ.

“ಇದು ಪ್ರಸಾದ” ಎಂದೆ. “ಅಕ್ಕಿಯೂ ಪ್ರಸಾದ, ಸೋರೆಕಾಯಿಯೂ ಪ್ರಸಾದ. ಆಗಲೇ ದೇವರದ್ದು ಆಗಿದೆ. ಪ್ರಸಾದವನ್ನು ಬೇಯಿಸಿಕೊಳ್ಳುತ್ತೀಯ ಅಷ್ಟೆ. ಪ್ರಸಾದವನ್ನು ಬಾಯಿಗಿಡುವುದಕ್ಕೆ ಯಾರೂ ನಿನ್ನ ಮೊಣಕೈ ಹಿಡಿಯಲಾರರು.”

“ಹಸಿ ಸೋರೆಕಾಯಿಗೆ ಗಂಟೆ ಬಾರಿಸಿದ್ರಾ?” ಎಂದಳು.

“ಬಾರಿಸಿದೆ.”

ಅವಳ ತುಟಿ ಅಲುಗಿತು. ನಗುವೋ ಅಳುವೋ ತಿಳಿಯಲಿಲ್ಲ. ಮೊರವನ್ನು ಎತ್ತಿಕೊಂಡು ಜಗಲಿಗೆ ಹೋದಳು. ಅಂದು ಚಮಚ ಗಲ್ಲದ ಹತ್ತಿರ ಬಂದು ನಿಂತಿತು. ನಾನು “ಪ್ರಸಾದ” ಎಂದೆ. ಅವಳು ಕಣ್ಣು ಮುಚ್ಚಿದಳು. ಚಮಚ ಒಳಗೆ ಹೋಯಿತು. ಕಣ್ಣು ಬಿಟ್ಟವಳು “ಅಯ್ಯೋ” ಎಂದಳು. “ಅಪ್ಪ, ಇದನ್ನಾ ಅಮ್ಮನಿಗೆ ಕೊಟ್ಟದ್ದು?”

ಅಲ್ಲಿಂದ ಮುಂದೆ ದಿನವೂ ಅದೇ. ಬೆಳಿಗ್ಗೆ ನಾನು ಹಸಿಯ ಸಾಮಾನಿಗೆ ಗಂಟೆ ಬಾರಿಸುವುದು, ಅವಳು ಜಗಲಿಯಲ್ಲಿ ಬೇಯಿಸಿ ರುಚಿ ನೋಡುವುದು. ಹುರಿದ ಜೀರಿಗೆ ಹಾಕಿ ನೋಡಿದಳು, ಕೊತ್ತಂಬರಿ ಅರೆದು ನೋಡಿದಳು, ನಿಂಬೆಯನ್ನು ಒಲೆಯ ಮೇಲೇ ಹಿಂಡಬೇಕೋ ಇಳಿಸಿ ಹಿಂಡಬೇಕೋ ನೋಡಿದಳು. ನನಗೆ ಮಾತ್ರ ನೆಮ್ಮದಿಯಿಲ್ಲ. ದೇವರಿಗೆ ಉಪಾಯ ಹೇಳಿಕೊಟ್ಟವನಂತೆ, ಅವನ ಕಣ್ಣಿಗೆ ಕಣ್ಣು ಕೊಡಲಾರದೆ ಪೂಜೆ ಮಾಡುತ್ತಿದ್ದೆ. ನನ್ನ ಅಡಿಗೆಮನೆಯನ್ನು ಉಳಿಸಿಕೊಂಡು ಮಗಳ ಪದವಿಯನ್ನೂ ಉಳಿಸಲು ಹೊರಟ ಜಾಣತನ ಇದು ಎಂದು ಒಮ್ಮೆ ಅನಿಸುವುದು. ಬೆಳೆದದ್ದೆಲ್ಲ ಅವನದೇ ಆದಮೇಲೆ ಯಾವಾಗ ಅರ್ಪಿಸಿದರೇನು ಎಂದು ಇನ್ನೊಮ್ಮೆ ಅನಿಸುವುದು. ಎರಡರ ನಡುವೆ ಮನೆಯ ಅಂಗಳವನ್ನು ಅಳೆಯುತ್ತಿದ್ದೆ.

ಚಿಕ್ಕಬೈರಪ್ಪ ಒಂದು ದಿನ ತಟ್ಟೆಯನ್ನು ಮುಂದಕ್ಕೆ ಚಾಚಿದ. “ಇನ್ನೊಂದೀಟ್ ಆಕು.”

“ಏನು?” ಎಂದಳು ರಾಮಲಕ್ಷ್ಮಿ.

“ಇನ್ನೊಂದೀಟ್ ಆಕು ಅಂದೆ. ಕಿವಿ ಕೇಳಾಕಿಲ್ವಾ? ನಮ್ಮವ್ವ ಇದ್ದಿದ್ರೆ ಇದ್ನ ತಿನ್ನೋಳು.”

ಅವಳು ನನ್ನ ಕಡೆ ತಿರುಗಿ ನೋಡಿದಳು. ಪರೀಕ್ಷಕಿ ಮೆಚ್ಚಿದ್ದರೂ ಅಂಥ ಮುಖವನ್ನು ನಾನು ಕಾಣುತ್ತಿರಲಿಲ್ಲ.

ಒಂದು ತೊಡಕು ಉಳಿದಿತ್ತು. ಪರೀಕ್ಷೆಯ ದಿನ ಸಾಮಾನು ಕೊಡುವವರು ಕಾಲೇಜಿನವರು, ಅದೂ ಆ ಕ್ಷಣಕ್ಕೆ. ನಾನು ಒಳಗೆ ಹೋಗುವಂತಿಲ್ಲ. “ನೀನೇ ಅರ್ಪಿಸು. ಎಲ್ಲದರ ಮೇಲೂ ಒಂದು ತೊಟ್ಟು ನೀರು ಚಿಮುಕಿಸಿ, ಕೃಷ್ಣಾರ್ಪಣ ಅನ್ನು. ಮನಸ್ಸಿನಲ್ಲಿ ಅಂದರೂ ಸಾಕು. ಗಂಟೆ ಬೇಡ” ಎಂದು ಹೇಳಿಕೊಟ್ಟೆ. ಬಸ್ಸಿನಲ್ಲಿ ಮತ್ತೆ ಹೇಳಿದೆ. ಕಾಲೇಜಿನ ಗೇಟಿನಲ್ಲಿಯೂ ಹೇಳಿದೆ.

“ಆಯ್ತು ಅಪ್ಪ, ಆಯ್ತು” ಎಂದು ಅವಳು ಒಳಗೆ ಹೋದಳು.

ಹೊರಗೆ ಹೊಂಗೆ ಮರದ ಕೆಳಗೆ ಕಲ್ಲಿನ ಬೆಂಚು. ನಾನು ಅದರ ಮೇಲೆ ಕುಳಿತಿದ್ದಕ್ಕಿಂತ ಅದನ್ನು ಸುತ್ತಿದ್ದೇ ಹೆಚ್ಚು. ಈಗ ತೂಗುತ್ತಿರಬೇಕು. ಈಗ ನೀರು ಚಿಮುಕಿಸುತ್ತಿರಬೇಕು. ಈಗ ಕುದಿ ಬಂದಿರಬೇಕು. ಈಗ ಚಮಚ ಎತ್ತಿರಬೇಕು. ಆ ಚಮಚವನ್ನು ನಾನು ಹೊರಗಿನಿಂದಲೇ ಎಷ್ಟು ಸಲ ಎತ್ತಿದೆನೋ ಎಷ್ಟು ಸಲ ಇಳಿಸಿದೆನೋ. ಸುಬ್ಬಮ್ಮನನ್ನು ಮನಸ್ಸಿನಲ್ಲಿಯೇ ಬೇಡಿಕೊಂಡೆ. ಇವತ್ತೊಂದು ದಿನ ಆ ಮೊಣಕೈ ಬಿಟ್ಟುಬಿಡು, ಹುಡುಗಿ ನಿನ್ನಂಥವರಿಗೇ ಬೇಯಿಸಲು ಹೊರಟಿದ್ದಾಳೆ ಎಂದೆ.

ಬಿಸಿಲು ಬಾಗಿದ ಮೇಲೆ ಮೊದಲು ಹೊರಗೆ ಬಂದವರು ಫಖ್ರುನ್ನೀಸಾ. ಮೆಟ್ಟಿಲ ಮೇಲೆಯೇ ನಿಂತು, “ಪಂಡಿತರೇ, ನಿಮ್ಮ ಮಗಳನ್ನ ಆಸ್ಪತ್ರೆಗೆ ಕಳಿಸಬಹುದು” ಎಂದರು. ನಾನು ಕೈಮುಗಿದೆ. ಅವರೇ ಮುಂದುವರಿಸಿದರು. “ಪರೀಕ್ಷಕರು ತಟ್ಟೆ ಪೂರ್ತಿ ಖಾಲಿ ಮಾಡಿದ್ರು. ಬೆಳಿಗ್ಗೆಯಿಂದ ಎಲ್ಲರದ್ದೂ ಒಂದೊಂದು ಚಮಚ ತಿಂದು ಮುಖ ಸಿಂಡರಿಸ್ತಾ ಇದ್ರು.” ಹೇಳಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ರಾಮಲಕ್ಷ್ಮಿ ಓಡುತ್ತ ಬಂದಳು. ಬಸ್ಸಿನಲ್ಲಿ ಅವಳ ಮಾತು ನಿಲ್ಲಲಿಲ್ಲ. “ಮೊದಲನೇ ಸಲ ನೋಡಿದಾಗ ಸಪ್ಪೆ ಅನ್ನಿಸ್ತು ಅಪ್ಪ, ನಿಂಬೆ ಹಿಂಡಿದೆ. ಎರಡನೇ ಸಲ ಹುಳಿ ಮುಂದಾಗಿತ್ತು, ಚೂರು ಸಕ್ಕರೆ ಹಾಕಿದೆ, ಸಕ್ಕರೇನೂ ಲೆಕ್ಕಕ್ಕೆ ಬರೆದೆ. ಮತ್ತೆ ನೋಡಿದೆ. ಜೀರಿಗೆ ಒಂದು ಕಾಳು ಹೆಚ್ಚಾಗಿದೆ ಅನ್ನಿಸ್ತು. ಆರಿಸಿ ತೆಗೆದೆ! ಮೇಡಂ ನಕ್ಕುಬಿಟ್ರು.”

ಹೆಬ್ಬಾಳದ ಏರಿಯನ್ನು ದಾಟುವಾಗ ನಾನು ಮೆಲ್ಲಗೆ ಕೇಳಿದೆ. “ಅರ್ಪಿಸಿದ ಮೇಲೆ ತಾನೆ ನೋಡಿದ್ದು?”

 ಕಿಟಕಿಯ ಕಡೆ ತಿರುಗಿದಳು. ಕೆರೆ ಹಿಂದೆ ಬಿತ್ತು, ಕೆರೆಯಂಗಳದ ಹಸುಗಳೂ ಹಿಂದೆ ಬಿದ್ದವು.

“ಮರೆತೇ ಹೋಯ್ತು ಅಪ್ಪ.”

“ಮರೆತೆಯಾ?”

“ಸಾಮಾನು ಕೊಟ್ಟರು, ಗಡಿಯಾರ ನೋಡಿದೆ, ತೂಗೋಕೆ ಶುರು ಮಾಡಿದೆ. ಆಮೇಲೆ ರೋಗೀದೊಂದೇ ಯೋಚನೆ. ಪಾತ್ರೆ ತೊಳೆಯುವಾಗ ನೆನಪಾಯ್ತು. ಕೈ ತಾನಾಗೇ ಹೋಗಿತ್ತು. ಆಗ ಭಯಾನೇ ಆಗಲಿಲ್ಲ.” ನನ್ನ ಕಡೆ ತಿರುಗಿ, “ಅದಕ್ಕೇ ಈಗ ಭಯ ಆಗ್ತಿದೆ” ಎಂದಳು.

ನನಗೆ ಸಿಟ್ಟು ಬರಬೇಕಿತ್ತು. ಬರುವುದೆಂದು ಕಾದೆ. ಯಲಹಂಕ ಬಂತು, ಸಿಟ್ಟು ಬರಲಿಲ್ಲ. ಅವಳ ಮೊಣಕೈಯನ್ನು ಯಾರೂ ಹಿಡಿದಿರಲಿಲ್ಲವೆಂಬುದು ಸಂತೋಷದ ಮಾತೋ ದುಃಖದ ಮಾತೋ ಎಂದು ಯೋಚಿಸುತ್ತ ಬೀದಿಯ ಉದ್ದಕ್ಕೂ ಅವಳಿಗಿಂತ ಮುಂದೆ ಮುಂದೆ ನಡೆದೆ.

ಮನೆಯ ಬಾಗಿಲು ತೆಗೆದು ಅವಳು ಅಡಿಗೆಮನೆಯ ಹೊಸಿಲ ಹೊರಗೇ ನಿಂತಳು. “ನಾಳೆಯಿಂದ ದೇವರ ಅಡಿಗೆ ನಾನು ಮಾಡಲ್ಲ ಅಪ್ಪ.”

“ಯಾಕಮ್ಮ? ಇಲ್ಲಿ ನೋಡಬೇಡ, ಅಲ್ಲಿ ನೋಡು. ಅಷ್ಟೆ ತಾನೆ?”

“ಆಸ್ಪತ್ರೇಲಿ ದಿನವಿಡೀ ನೋಡ್ತಾ ಇರ್ತೀನಿ. ಇಲ್ಲಿ ಯಾವತ್ತಾದರೂ ನನಗೇ ಗೊತ್ತಿಲ್ಲದ ಹಾಗೆ ನೋಡಿಬಿಟ್ಟು, ಅದನ್ನ ನೀವು ದೇವರ ಮುಂದೆ ಇಟ್ಟರೆ? ನನ್ನ ಕೈಯನ್ನ ನಾನಿನ್ನು ನಂಬಲ್ಲ.”

ಅವಳು ಹೇಳಿದ್ದು ಸರಿಯಾಗಿತ್ತು. ಸುಬ್ಬಮ್ಮನ ಕೈ ಆ ಒಲೆಯ ಮುಂದೆ ನಿಲ್ಲುವುದು ಅಂದಿಗೆ ಮುಗಿಯಿತು. ಕಾರ್ತಿಕದಲ್ಲಿ ಮುಗಿಯಿತೆಂದು ತಿಳಿದಿದ್ದೆ. ಇಲ್ಲ, ಮುಗಿದದ್ದು ಅಂದು.

ಮರುದಿನ ನಾನೇ ಸ್ನಾನ ಮಾಡಿ, ಮಡಿಯುಟ್ಟು, ಒಲೆ ಹಚ್ಚಿದೆ. ಹುಡುಗ ವಯಸ್ಸಿನಲ್ಲಿ ಎಂದೋ ಅನ್ನ ಸಾರು ಮಾಡಿದ್ದುಂಟು, ಕೈಗೆ ಏನೂ ನೆನಪಿರಲಿಲ್ಲ. ಹೊಸಿಲಾಚೆ ಕುಳಿತು ರಾಮಲಕ್ಷ್ಮಿ ಹೇಳಿಕೊಡುತ್ತಿದ್ದಳು. ಬೇಳೆ ಒಡೆಯಿತೇ ನೋಡಿ, ಹುಣಿಸೆ ಕಿವಿಚಿ, ಈಗ ಪುಡಿ ಹಾಕಿ. ಸಾರು ಕುದಿಯಿತು. ನಾನು ಬಗ್ಗಿ ವಾಸನೆ ನೋಡಿದೆ. ಹೊಗೆ ಮೂಗಿಗೆ ಹೋಗಿ ಕೆಮ್ಮು ಬಂತೇ ಹೊರತು ಬೇರೇನೂ ತಿಳಿಯಲಿಲ್ಲ.

“ಉಪ್ಪು ಹಾಕಿದ್ರಾ?” ಎಂದಳು.

ಹಾಕಿದಂತೆ ನೆನಪು, ಹಾಕದಂತೆಯೂ ನೆನಪು. ಉಪ್ಪಿನ ಮರಿಗೆ ನೋಡಿದೆ, ಅದು ಏನೂ ಹೇಳಲಿಲ್ಲ. ಸೌಟು ಕೈಯಲ್ಲಿತ್ತು. ಒಂದು ಹನಿ ನಾಲಿಗೆಗೆ ಬಿದ್ದಿದ್ದರೆ ತಿಳಿದುಹೋಗುತ್ತಿತ್ತು. ಬೀಳಿಸಲಿಲ್ಲ. ಇನ್ನೊಂದು ಚಿಟಿಕೆ ಹಾಕಿ, ಪಾತ್ರೆ ಇಳಿಸಿ, ದೇವರ ಮುಂದೆ ಇಟ್ಟೆ. ಹೇಗಿದ್ದರೆ ಹಾಗೆ ಸ್ವೀಕರಿಸು, ನನಗೆ ತಿಳಿಯದು ಎಂದು ಗಂಟೆ ಬಾರಿಸಿದೆ.

ಎಲೆ ಹಾಕಿ ಮಗಳಿಗೆ ಬಡಿಸಿದೆ. ಕೆಲಸಕ್ಕೆ ಸೇರುವ ಕಾಗದಪತ್ರಗಳ ಸಲುವಾಗಿ ಅವಳು ಬೇಗ ಬಸ್ಸು ಹಿಡಿಯಬೇಕಿತ್ತು. ಸಾರನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟು, ಅಲ್ಲಿಯೇ ನಿಲ್ಲಿಸಿದಳು. ನಾನು ಎದುರಿಗೆ ನಿಂತಿದ್ದೆ. 

“ಸಪ್ಪೆಯೇ?” ಎಂದೆ.

“ಎರಡು ಸಲ ಬಿದ್ದಿದೆ ಉಪ್ಪು.” ನೀರು ಕುಡಿದಳು. “ಇದನ್ನ ಯಾವ ವಾರ್ಡಿಗೂ ಕಳಿಸೋ ಹಾಗಿಲ್ಲ ಅಪ್ಪ.”

“ದೇವರಿಗೆ ಕಳಿಸಿ ಆಯ್ತಲ್ಲಮ್ಮ.”

ಅವಳು ತುತ್ತು ನುಂಗಲಾರದೆ ನಕ್ಕಳು. ಕಾರ್ತಿಕದಿಂದೀಚೆಗೆ ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ಯಾರೂ ನಕ್ಕಿರಲಿಲ್ಲ. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಎಲೆಯಲ್ಲಿದ್ದುದನ್ನೆಲ್ಲ ಉಂಡಳು.

“ಇನ್ನೊಂದಿಷ್ಟು ಅನ್ನ ಹಾಕಿ. ಸಾರು ಬೇಡ” ಎಂದಳು.

ಹಾಕಿದೆ. ಅನ್ನ ಹದವಾಗಿ ಬೆಂದಿತ್ತು.